ನಲವತ್ತೆಂಟು ಗಂಟೆಯಲ್ಲೊಂದು ದೆವ್ವ

ಶುಕ್ರವಾರ ಸಂಜೆ ಚೀಟಿ ಎತ್ತುತ್ತಾರೆ. ತಂಡಕ್ಕೆ ಹಾಸ್ಯ ಬರಬಹುದು, ಪ್ರೇಮ ಬರಬಹುದು, ಹಾರರ್ ಬರಬಹುದು. ಜೊತೆಗೆ ಎಲ್ಲ ತಂಡಗಳಿಗೂ ಒಂದೇ ಪಾತ್ರ, ಒಂದೇ ವಸ್ತು, ಒಂದೇ ಸಾಲಿನ ಸಂಭಾಷಣೆ ಕೊಟ್ಟು ಕಳಿಸುತ್ತಾರೆ. ಮೂರೂ ಚಿತ್ರದಲ್ಲಿ ಇರಲೇಬೇಕು. ಭಾನುವಾರ ಸಂಜೆಗೆ ನಾಲ್ಕರಿಂದ ಏಳು ನಿಮಿಷದ ಕಿರುಚಿತ್ರ ಮುಗಿಸಿ ಒಪ್ಪಿಸಬೇಕು. 2001ರಲ್ಲಿ ವಾಷಿಂಗ್ಟನ್‌ನಲ್ಲಿ ಶುರುವಾದ '48 ಅವರ್ ಫಿಲ್ಮ್ ಪ್ರಾಜೆಕ್ಟ್'ನ ನಿಯಮವಿದು. ನಮ್ಮ ದೇಶದಲ್ಲಿ 2011ರಲ್ಲಿ ಆರಂಭವಾದ 'ಇಂಡಿಯಾ ಫಿಲ್ಮ್ ಪ್ರಾಜೆಕ್ಟ್' ಕೊಂಚ ಔದಾರ್ಯ ತೋರಿ ಐವತ್ತು ಗಂಟೆ ಕೊಟ್ಟಿತು.

ಹಾರರ್ ಚೀಟಿ ಬಂದವರೇ ಅದೃಷ್ಟವಂತರು ಎನ್ನುತ್ತೇನೆ. ಹಾಸ್ಯಕ್ಕೆ ಬರೆಯಬಲ್ಲವರು ಬೇಕು, ಪ್ರೇಮಕ್ಕೆ ನಟಿಸಬಲ್ಲವರು ಬೇಕು. ಭಯಕ್ಕೆ ಒಂದು ಬಾಗಿಲಿದ್ದರೂ ನಡೆಯುತ್ತದೆ.

ತೊಂಬತ್ತರ ದಶಕದ ಬೆಂಗಳೂರನ್ನೇ ನೆನಪಿಸಿಕೊಳ್ಳಿ. ಬಾಗಿಲುಗಳ ಮೇಲೆ, ಗೋಡೆಗಳ ಮೇಲೆ 'ನಾಳೆ ಬಾ' ಎಂಬ ಬರಹ. ರಾತ್ರಿ ಯಾರೋ ಬಾಗಿಲು ತಟ್ಟುತ್ತಾರಂತೆ, ಮನೆಯವರದೇ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತಾರಂತೆ, ತೆರೆದರೆ ಕಥೆ ಮುಗಿಯಿತಂತೆ. ಆ ದೆವ್ವ ಹೇಗಿತ್ತೆಂದು ಯಾರೂ ವಿವರಿಸಲಿಲ್ಲ, ವಿವರಿಸುವ ಅಗತ್ಯವೂ ಬೀಳಲಿಲ್ಲ. 2018ರ ಹಿಂದಿ ಚಿತ್ರ 'ಸ್ತ್ರೀ' ಇದೇ ಎಳೆಯನ್ನು ಹಿಡಿದು ಥಿಯೇಟರ್ ತುಂಬಿಸಿತು. ಒಂದು ಕದ, ಒಂದು ತುಂಡು ಸೀಮೆಸುಣ್ಣ, ಕ್ಯಾಮೆರಾ ಆಚೆ ನಿಂತ ಒಂದು ದನಿ. ಇದಕ್ಕಿಂತ ಅಗ್ಗದ ಸ್ಕ್ರಿಪ್ಟ್ ಎಲ್ಲಿ ಸಿಕ್ಕೀತು?

ಆದರೆ ಗೆಳೆಯರು ಸೇರಿದಾಗ ಮೊದಲು ಹೊಳೆಯುವುದು ಬಿಳಿ ಸೀರೆ, ಬಿಚ್ಚಿದ ಕೂದಲು, ಗೆಜ್ಜೆ, ಹುಣಸೆಮರ. ಮೇಕಪ್ಪಿಗೇ ಶನಿವಾರದ ಬೆಳಗು ಹೋಗುತ್ತದೆ. ಮುಖಕ್ಕೆ ಪೌಡರ್ ಬಳಿದುಕೊಂಡ ಗೆಳೆಯ ಕತ್ತಲಿಂದ ಹೊರಬಂದ ಕೂಡಲೇ ಕ್ಯಾಮೆರಾ ಹಿಡಿದವನೇ ನಗುತ್ತಾನೆ. ಪರಿಚಿತರ ತಂಡದಲ್ಲಿ ದೆವ್ವದ ನಿಜವಾದ ವೈರಿ ಮಂತ್ರವಾದಿ ಅಲ್ಲ, ಈ ನಗು. ಒಮ್ಮೆ ಹತ್ತಿತೆಂದರೆ ಟೇಕ್ ಮೇಲೆ ಟೇಕ್ ಹಾಳು. ಹೇಗೂ ಸಮಯವಿಲ್ಲ, ದೆವ್ವವನ್ನು ತೋರಿಸುವುದೇ ಬೇಡ ಎಂದು ಗಡುವಿಗೆ ಹೆದರಿ ತೀರ್ಮಾನಿಸಿದ ತಂಡ, ತನಗೇ ಅರಿವಿಲ್ಲದೆ ಒಳ್ಳೆಯ ಹಾರರ್ ಮಾಡಿರುತ್ತದೆ.

2013ರಲ್ಲಿ ಸ್ವೀಡನ್ನಿನ ಡೇವಿಡ್ ಸ್ಯಾಂಡ್‌ಬರ್ಗ್ ತನ್ನ ಹೆಂಡತಿ ಲೊಟ್ಟಾ ಲೋಸ್ಟೆನ್ ಜೊತೆ ಸೇರಿ ತಮ್ಮದೇ ಫ್ಲ್ಯಾಟಿನಲ್ಲಿ 'ಲೈಟ್ಸ್ ಔಟ್' ಮಾಡಿದ್ದು ಹೀಗೆಯೇ. ಮೂರು ನಿಮಿಷವೂ ಇಲ್ಲದ ಚಿತ್ರ. ದೀಪ ಆರಿಸಿದರೆ ಆಚೆ ಒಂದು ಆಕೃತಿ, ಹೊತ್ತಿಸಿದರೆ ಏನೂ ಇಲ್ಲ. 2016ರಲ್ಲಿ ಅದೇ ಹೆಸರಿನ ಹಾಲಿವುಡ್ ಚಿತ್ರಕ್ಕೆ ಅವರೇ ನಿರ್ದೇಶಕರಾದರು. ಸ್ಯಾಮ್ ರೈಮಿ ಮತ್ತು ಗೆಳೆಯರದು ಇನ್ನೊಂದು ದಾರಿ. ಹಣ ಹಾಕುವವರಿಗೆ ತೋರಿಸಲೆಂದೇ 1978ರಲ್ಲಿ ಒಂದು ಕಿರುಚಿತ್ರ ಮಾಡಿ, ಆಮೇಲೆ 'ಈವಿಲ್ ಡೆಡ್' ತೆಗೆದರು. ಕಾಡಿನ ದುಷ್ಟಶಕ್ತಿಯನ್ನು ತೋರಿಸಲು ಉದ್ದನೆಯ ಹಲಗೆಯ ನಡುವೆ ಕ್ಯಾಮೆರಾ ಬಿಗಿದು, ಎರಡು ತುದಿಗಳನ್ನು ಇಬ್ಬರು ಹಿಡಿದು ಓಡಿದರು. ಪರದೆಯ ಮೇಲೆ ದೆವ್ವವಿಲ್ಲ, ಅದರ ಕಣ್ಣಿನ ನೋಟ ಮಾತ್ರ.

ಅವಸರಕ್ಕೆ ಎಲ್ಲರೂ ಕೊಡುವ ಉದಾಹರಣೆ ನಿರ್ದೇಶಕ ರೋಜರ್ ಕಾರ್ಮನ್. 1960ರ 'ದಿ ಲಿಟ್ಲ್ ಶಾಪ್ ಆಫ್ ಹಾರರ್ಸ್' ಚಿತ್ರದ ಬಹುಪಾಲು ಎರಡೇ ದಿನದಲ್ಲಿ ಮುಗಿಯಿತು. ಅದಕ್ಕೂ ಮುನ್ನ ನಟರಿಗೆ ರಿಹರ್ಸಲ್ ಮಾಡಿಸಿದ್ದರು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ರಕ್ತಕ್ಕೆ ಅಡುಗೆಮನೆಯೇ ಗತಿ. ಅರಿಶಿನದ ನೀರಿಗೆ ಸುಣ್ಣ ಕದಡಿದರೆ ಆರತಿಯ ಓಕುಳಿ, ಬಣ್ಣವೇನೋ ಚೆನ್ನ. ಆದರೆ ರಕ್ತದ ಮಂದ ಅದಕ್ಕಿಲ್ಲ, ಸುಣ್ಣವಿರುವುದರಿಂದ ಕಣ್ಣು, ಬಾಯಿಯ ಹತ್ತಿರ ಸುಳಿಯಲೂ ಬಿಡಬಾರದು. ಸಕ್ಕರೆ ಪಾಕಕ್ಕೆ ಅಡುಗೆಯ ಕೆಂಪು ಬಣ್ಣ, ಚಿಟಿಕೆ ಕೋಕೋ ಪುಡಿ ಬೆರೆಸುವುದು ವಾಸಿ. ರೈಮಿ ತಂಡದ್ದೂ ಮೆಕ್ಕೆಜೋಳದ ಪಾಕವೇ. ಇರುವೆ ಮುತ್ತುತ್ತದೆ, ಅಷ್ಟೇ.

ರಾತ್ರಿಗಾಗಿ ಕಾಯುವುದೂ ಬೇಡ. ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿದರೆ ಮಧ್ಯಾಹ್ನ ಎರಡಕ್ಕೇ ಅಮಾವಾಸ್ಯೆ. ಕತ್ತಲನ್ನು ತೋರಿಸಲಿಕ್ಕೂ ಬೆಳಕು ಬೇಕೆಂಬುದು ಮೊಬೈಲಿನಲ್ಲಿ ಚಿತ್ರೀಕರಿಸುವವರಿಗೆ ಬೇಗ ತಿಳಿಯುತ್ತದೆ. ಬರೀ ಕತ್ತಲಲ್ಲಿ ತೆಗೆದರೆ ಸಿಗುವುದು ಕುದಿಯುವ ಚುಕ್ಕೆಗಳು. ಪಕ್ಕದಿಂದ ಒಂದೇ ಬಲ್ಬು, ಉಳಿದದ್ದೆಲ್ಲ ನೆರಳು.

ಉಳಿಸಿದ ಗಂಟೆಗಳನ್ನೆಲ್ಲ ಸದ್ದಿಗೆ ಸುರಿಯಬೇಕು. 'ಸೈಕೋ' ಚಿತ್ರದ ಸ್ನಾನಗೃಹದಲ್ಲಿ ಚಾಕು ನಾಟುವ ಸದ್ದು ಕರಬೂಜದ ಜಾತಿಯ ಹಣ್ಣಿಗೆ ಚುಚ್ಚಿ ಪಡೆದದ್ದು. ಆ ದೃಶ್ಯಕ್ಕೆ ಸಂಗೀತವೇ ಬೇಡವೆಂದಿದ್ದ ಹಿಚ್‌ಕಾಕ್, ಬರ್ನಾರ್ಡ್ ಹರ್ಮನ್ ಸಂಯೋಜಿಸಿದ ಪಿಟೀಲುಗಳ ಸಂಗೀತ ಕೇಳಿ ಮನಸ್ಸು ಬದಲಿಸಿದರು. ಮೂಳೆ ಮುರಿಯುವುದಕ್ಕೆ ಹಸಿ ಕ್ಯಾರೆಟ್ ಇದೆ, ಕಿರುಗುಟ್ಟುವ ಕದ ಯಾವ ಹಳೆಮನೆಯಲ್ಲೂ ಇದೆ. ಕಷ್ಟವೆಂದರೆ ನಿಶ್ಶಬ್ದ. ಪಕ್ಕದ ಮನೆಯ ಕುಕ್ಕರ್ ಕೂಗುತ್ತದೆ, ಬೀದಿನಾಯಿ ಬೊಗಳುತ್ತದೆ, ಫ್ರಿಜ್ ಗುಂಯ್‌ಗುಡುತ್ತದೆ. ಧ್ವನಿಮುದ್ರಣದವರದೊಂದು ಹಳೆಯ ಉಪಾಯವಿದೆ: ಫ್ರಿಜ್ ಆಫ್ ಮಾಡಿ, ಗಾಡಿಯ ಕೀಲಿಯನ್ನು ಅದರೊಳಗಿಟ್ಟುಬಿಡುವುದು. ಹೊರಡುವಾಗ ಕೀಲಿ ಹುಡುಕಲೇಬೇಕು, ಫ್ರಿಜ್ ಆನ್ ಮಾಡುವುದು ಮರೆಯದು. ನಟಿಯ ಚೀರಾಟ ಶುರುವಾಗುವ ಮುಂಚೆ ಅಕ್ಕಪಕ್ಕದ ಮನೆಯವರಿಗೆ ಒಂದು ಮಾತು ಹೇಳಿಬರುವುದೂ ಅಷ್ಟೇ ಮುಖ್ಯ. ಇಲ್ಲದಿದ್ದರೆ ಸ್ಕ್ರಿಪ್ಟಿನಲ್ಲಿಲ್ಲದ ಪೊಲೀಸರು ಬಂದಾರು.

ಭಾನುವಾರ ಮಧ್ಯಾಹ್ನ ಎಡಿಟಿಂಗ್ ಮುಂದೆ ಕೂತಾಗ ಎರಡು ಪಂಗಡ ಏಳುತ್ತವೆ, ಇನ್ನೊಂದು ಶಾಟ್ ಇರಲಿ ಎನ್ನುವವರದೊಂದು, ಕಡಿದು ಕಳಿಸು ಎನ್ನುವವರದೊಂದು. ಲ್ಯಾಪ್‌ಟಾಪ್ ಎಕ್ಸ್‌ಪೋರ್ಟ್ ಮಾಡುವಾಗಲೇ ನಿಂತುಹೋಗುವ ಸಂಭವವೂ ಇರುವುದರಿಂದ ನನ್ನ ಮತ ಕಡಿಯುವವರ ಕಡೆಗೆ. ವಾಷಿಂಗ್ಟನ್ ಮೂಲದ ಸ್ಪರ್ಧೆಯಲ್ಲಿ ತಡವಾಗಿ ಬಂದ ಚಿತ್ರವನ್ನೂ ಪರದೆಯ ಮೇಲೆ ತೋರಿಸುತ್ತಾರೆ. ತೀರ್ಪುಗಾರರ ಬಹುಮಾನಕ್ಕೆ ಮಾತ್ರ ಪರಿಗಣಿಸುವುದಿಲ್ಲ.