ಗುಳಿಗೆ ಒಂದೇ, ದಾರಿ ಬೇರೆ

ಔರಾದ, ಭಾಲ್ಕಿ ಕಡೆಯ ಹೊಲಗಳಲ್ಲಿ ಮುಂಗಾರಿಗೆ ಬೆಳೆಯುವ ಸೋಯಾ ರಾಶಿಯಾಗಿ ಅಡತ್ ಅಂಗಡಿ ಸೇರಿದರೆ ರೈತನ ಮಟ್ಟಿಗೆ ಅದರ ಕತೆ ಮುಗಿಯಿತು. ತೇವ ಎಷ್ಟು, ದರ ಎಷ್ಟು, ಅಷ್ಟೇ ಮಾತು. ಅದೇ ಕಾಳಿನ ಎಣ್ಣೆಯಿಂದ ಹಾರ್ಮೋನು ತಯಾರಿಸಿದವರು ಅಮೆರಿಕದ ರಸಾಯನ ವಿಜ್ಞಾನಿ ಪರ್ಸಿ ಜೂಲಿಯನ್. ಅವರ ತಾತ ಗುಲಾಮಗಿರಿಯಲ್ಲಿ ಹುಟ್ಟಿದವರು. 1936ರಲ್ಲಿ ಜೂಲಿಯನ್ ಗ್ಲಿಡನ್ ಕಂಪನಿ ಸೇರಿದರು. ಅಲ್ಲೊಮ್ಮೆ ಸೋಯಾ ಎಣ್ಣೆಯ ದೊಡ್ಡ ಟ್ಯಾಂಕಿಗೆ ನೀರು ಸೋರಿ, ತಳದಲ್ಲಿ ಬಿಳಿ ಗಷ್ಟು ಕೂತಿತು. ಬೇರೆಯವರಾದರೆ ಮಾಲು ಕೆಟ್ಟಿತೆಂದು ಚೆಲ್ಲುತ್ತಿದ್ದರೇನೋ. ಅದರಲ್ಲಿ ಸ್ಟಿಗ್ಮಾಸ್ಟೆರಾಲ್ ಎಂಬ ಸ್ಟೆರಾಲ್ ಇದೆಯೆಂದು ಜೂಲಿಯನ್ ಗುರುತಿಸಿದರು. ಅದರಿಂದ ಪ್ರೊಜೆಸ್ಟೆರಾನ್ ತಯಾರಾಯಿತು. ಗರ್ಭ ನಿಲ್ಲಲೆಂದು ವೈದ್ಯರು ಇಂದಿಗೂ ಬರೆದುಕೊಡುವ ಹಾರ್ಮೋನು ಅದು. ಎಣ್ಣೆಯಿಂದ ಸ್ಟೆರಾಲ್ ಬೇರ್ಪಡಿಸುವ ವಿಧಾನಕ್ಕೆ ಪೇಟೆಂಟೂ ಸಿಕ್ಕಿತು. ಕಾಳು ಯಾರ ಸ್ವತ್ತೂ ಅಲ್ಲ. ಕಾಳಿನಿಂದ ಔಷಧಕ್ಕೆ ಹೋಗುವ ದಾರಿಗೆ ಮಾತ್ರ ಒಡೆಯರಿದ್ದರು.

ದಾರಿಗಷ್ಟೇ ಪೇಟೆಂಟ್ ಎಂಬ ಈ ತತ್ವವನ್ನು ಭಾರತ ಕಾನೂನನ್ನಾಗಿಯೇ ಮಾಡಿತು. ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರ್ 1959ರಲ್ಲಿ ಕೊಟ್ಟ ವರದಿಯ ಬುನಾದಿಯ ಮೇಲೆ 1970ರ ಪೇಟೆಂಟ್ ಕಾಯ್ದೆ ಬಂತು, 1972ರ ಏಪ್ರಿಲ್ 20ರಿಂದ ಜಾರಿಯಾಯಿತು. ಔಷಧದ ಅಣುವಿಗೆ ಪೇಟೆಂಟ್ ಇಲ್ಲ, ತಯಾರಿಸುವ ವಿಧಾನಕ್ಕಷ್ಟೇ. ಅದೂ ಗರಿಷ್ಠ 7 ವರ್ಷ. ಬೀದರ್‌ನಿಂದ ಹೈದರಾಬಾದಿಗೆ ಜಹೀರಾಬಾದ್ ಮೇಲೆ ಬಸ್ಸಿದೆ, ವಿಕಾರಾಬಾದ್ ಮೇಲೆ ರೈಲಿದೆ. ಒಂದು ದಾರಿಗೆ ಗೇಟು ಹಾಕಿದರೆ ಇನ್ನೊಂದರಲ್ಲಿ ಹೋಗಿ ಎಂದಿತು ಕಾಯ್ದೆ. ನಮ್ಮ ರಸಾಯನ ವಿಜ್ಞಾನಿಗಳು ಹೋದರು. ಹೈದರಾಬಾದು ಔಷಧ ಉದ್ಯಮದ ಊರಾಯಿತು. ಬೀದರ್ ಪಕ್ಕದ ಕೊಳಾರ ಕೈಗಾರಿಕಾ ಪ್ರದೇಶದಲ್ಲೂ ಔಷಧಕ್ಕೆ ಬೇಕಾದ ರಾಸಾಯನಿಕಗಳ ಕಾರ್ಖಾನೆಗಳೆದ್ದವು. 2005ರ ಜನವರಿ 1ರಿಂದ ಅಣುವಿಗೂ ಪೇಟೆಂಟ್ ಸಿಗತೊಡಗಿತು, ಅವಧಿ 20 ವರ್ಷ. ಆದರೂ ಹಳೆಯ ಔಷಧಕ್ಕೆ ಹೊಸ ದಾರಿ ಹುಡುಕುವ ಕೆಲಸ ನಿಂತಿಲ್ಲ.

ಹುಡುಕಿದರೆ ಸಿಗುವ ಲಾಭಕ್ಕೆ ಮೈಕೈ ನೋವಿಗೆ ನುಂಗುವ ಐಬುಪ್ರೊಫೆನ್ ಸಾಕ್ಷಿ. ಬ್ರಿಟನ್ನಿನ ಬೂಟ್ಸ್ ಕಂಪನಿ 1960ರ ದಶಕದಲ್ಲಿ ಪೇಟೆಂಟ್ ಪಡೆದ ದಾರಿಯಲ್ಲಿ ಆರು ಹಂತ. ಹಾಕಿದ ಕಚ್ಚಾ ಪದಾರ್ಥದ ಪರಮಾಣುಗಳಲ್ಲಿ ಗುಳಿಗೆಗೆ ಸೇರುತ್ತಿದ್ದದ್ದು ಸುಮಾರು ಶೇ 40, ಮಿಕ್ಕಿದ್ದೆಲ್ಲ ಕಸ. 1992ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಮೂರೇ ಹಂತದ ವಿಧಾನದ ಕಾರ್ಖಾನೆ ಶುರುವಾಯಿತು. ಅಲ್ಲಿ ಶೇ 77ರಷ್ಟು ಗುಳಿಗೆಗೇ ಸೇರಿತು. ನುಂಗುವವರಿಗೆ ಎರಡೂ ಒಂದೇ, ಕಾರ್ಖಾನೆಯ ಪಕ್ಕ ಬದುಕುವವರಿಗೆ ಅಲ್ಲ. ಔಷಧ ಉದ್ಯಮದಲ್ಲಿ ಒಂದು ಕಿಲೋ ಮಾಲಿಗೆ 25ರಿಂದ 100 ಕಿಲೋ, ಕೆಲವೊಮ್ಮೆ ಅದಕ್ಕೂ ಹೆಚ್ಚು ತ್ಯಾಜ್ಯ ಬೀಳುತ್ತದೆಂದು ರಸಾಯನ ವಿಜ್ಞಾನಿ ರೋಜರ್ ಶೆಲ್ಡನ್ 1992ರಲ್ಲೇ ಲೆಕ್ಕ ಕೊಟ್ಟಿದ್ದರು. ಕೊಳಾರದ ಸುತ್ತಲಿನ ಹಳ್ಳಿಗಳವರು ದುರ್ವಾಸನೆಯ ದೂರು ಹೇಳುತ್ತ ಬಂದಿರುವುದನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಬೇಕು. ಪೇಟೆಂಟ್ ಪತ್ರದಲ್ಲಿ ಇಳುವರಿ ಎಷ್ಟೆಂದು ಹೆಮ್ಮೆಯಿಂದ ಬರೆಯುತ್ತಾರೆ. ಉಳಿದದ್ದು ಎಲ್ಲಿಗೆ ಹೋಯಿತೆಂದು ಬರೆಯುವ ಕಡ್ಡಾಯವಿಲ್ಲ. ಈ ಕಾನೂನಿನ ದೊಡ್ಡ ಕೊರತೆ ಇದೇ ಎಂಬುದು ನನ್ನ ಅನಿಸಿಕೆ.

ಹಾಗಿದ್ದರೂ ಯಾವ ದ್ರಾವಕ, ಯಾವ ಆಮ್ಲ, ಎಷ್ಟು ಬಿಸಿ ಎಂಬುದನ್ನು ಅಲ್ಲಿ ಬಿಚ್ಚಿಡಲೇಬೇಕು. ಪೇಟೆಂಟ್ ಸಿಗುವುದೇ ಆ ಷರತ್ತಿನ ಮೇಲೆ. ಅರ್ಜಿಗಳು ಸಾಮಾನ್ಯವಾಗಿ 18 ತಿಂಗಳ ನಂತರ ಪ್ರಕಟವಾಗುತ್ತವೆ, ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಮಂಜೂರಾಗುವ ಮೊದಲು ಯಾರು ಬೇಕಾದರೂ ಕಾನೂನು ಹೇಳುವ ಕಾರಣಗಳ ಮೇಲೆ ಆಕ್ಷೇಪ ಸಲ್ಲಿಸಬಹುದು. ಬೀದರ್ ಜಿಲ್ಲೆಯ ಕಾಲೇಜುಗಳ ರಸಾಯನಶಾಸ್ತ್ರದ ಮೇಷ್ಟ್ರುಗಳು ವರ್ಷಕ್ಕೆ ಒಂದಾದರೂ ಇಂಥ ಪತ್ರವನ್ನು ತರಗತಿಯಲ್ಲಿ ಬಿಡಿಸಿ ಓದಿಸಲಿ.