ಮಲೆನಾಡಿಗೆ ಬೇಕಾದ ನಿಮಿಷಗಳ ಮುನ್ಸೂಚನೆ

ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಮೇಲೆ ಎದ್ದುಬರುವ ಗುಡುಗುಮಳೆ ಕೆಲವೇ ನಿಮಿಷಗಳಲ್ಲಿ ಅಡಿಕೆ ಮರಗಳನ್ನು ಮುರಿದು, ಹೆಂಚು ಹಾರಿಸಿ, ವಿದ್ಯುತ್ ಕಂಬಗಳನ್ನು ಉರುಳಿಸಿ ಹೋಗುವುದುಂಟು. ಇದನ್ನು ಸುಂಟರಗಾಳಿ ಎಂದು ಕರೆದರೂ, ಅಮೆರಿಕದ ಬಯಲುಗಳನ್ನು ಸೀಳುವ ಸುಂಟರಗಾಳಿ ಇಲ್ಲಿನ ಕಡಹಿನಬೈಲಿನಂಥ ಊರಿಗೆ ಬರುವ ಸಂಭವ ತೀರಾ ಕಡಿಮೆ. ಆದರೆ ಆ ಗಾಳಿಯಿಂದ ಜನರನ್ನು ಉಳಿಸಲು ಅಮೆರಿಕದಲ್ಲಿ ಕಟ್ಟಿದ ಮುನ್ನೆಚ್ಚರಿಕೆಯ ಕ್ರಮ ನಮಗೂ ಬೇಕು.

ಸುಂಟರಗಾಳಿಗೆ ಮೊದಲು ಬೇಕಾದದ್ದು ನೆಲದ ಬಳಿ ಬಿಸಿಯಾದ, ತೇವ ತುಂಬಿದ ಗಾಳಿ ಮತ್ತು ಅದರ ಮೇಲೆ ತಣ್ಣನೆಯ ಒಣಗಾಳಿ. ಇಷ್ಟೇ ಇದ್ದರೆ ಗುಡುಗುಮೋಡ ಏಳುತ್ತದೆ, ಸುಂಟರಗಾಳಿ ಹುಟ್ಟುವುದಿಲ್ಲ. ಎತ್ತರಕ್ಕೆ ಹೋದಂತೆ ಗಾಳಿಯ ವೇಗವೂ ದಿಕ್ಕೂ ಬದಲಾಗಬೇಕು. ಆಗ ನಡುವಿನ ಗಾಳಿ ಲಟ್ಟಣಿಗೆಯಂತೆ ಅಡ್ಡಡ್ಡ ಉರುಳುತ್ತದೆ. ಮೇಲೇಳುವ ಬಿಸಿಗಾಳಿ ಆ ಸುರುಳಿಯನ್ನು ಎತ್ತಿ ನೆಟ್ಟಗೆ ನಿಲ್ಲಿಸುತ್ತದೆ, ಇಡೀ ಮೋಡವೇ ತಿರುಗತೊಡಗುತ್ತದೆ. ಅದರ ಅಡಿಯಲ್ಲಿ ಸುತ್ತು ಕಿರಿದಾದಷ್ಟೂ ವೇಗ ಏರುತ್ತದೆ. ತಿರುಗುವ ಎಲ್ಲ ಮೋಡಗಳಿಂದಲೂ ಸುಂಟರಗಾಳಿ ನೆಲಕ್ಕಿಳಿಯುವುದಿಲ್ಲ. ಯಾವುದು ಇಳಿಯುತ್ತದೆಂದು ಖಚಿತವಾಗಿ ಹೇಳುವುದು ಇಂದಿಗೂ ಕಷ್ಟ.

ಬಂಗಾಳದ ಕಡೆ ಬೇಸಿಗೆಯಲ್ಲಿ ಈ ಎಲ್ಲವೂ ಕೂಡಿಬರುತ್ತವೆ. 1989ರ ಏಪ್ರಿಲ್ 26ರಂದು ಬಾಂಗ್ಲಾದೇಶದಲ್ಲಿ ಒಂದೇ ಸುಂಟರಗಾಳಿಗೆ ಸುಮಾರು 1,300 ಜನ ಬಲಿಯಾದರು. ಮಲೆನಾಡಿನಲ್ಲಿ ಬಿಸಿಲೂ ಅರಬ್ಬಿ ಸಮುದ್ರದ ತೇವವೂ ಇದ್ದರೂ, ಬೇಸಿಗೆಯಲ್ಲಿ ಮೇಲುಮಟ್ಟದ ಗಾಳಿಗೆ ಅಂಥ ಬಿರುಸಿಲ್ಲ. ಇಲ್ಲಿನ ಗುಡುಗುಮೋಡ ಸಾಮಾನ್ಯವಾಗಿ ಗಂಟೆಯೊಳಗೆ ತನ್ನ ಮಳೆಯ ಭಾರಕ್ಕೇ ಕುಸಿಯುತ್ತದೆ. ಬೀಳುವ ಹನಿಗಳು ಆವಿಯಾಗಿ ಗಾಳಿಯನ್ನು ತಣಿಸುತ್ತವೆ, ಭಾರವಾದ ಆ ಗಾಳಿ ಧುಮುಕಿ ನೆಲಕ್ಕೆ ಬಡಿದು ಸುತ್ತಲೂ ಚೆಲ್ಲುತ್ತದೆ. ಜಪಾನ್ ಮೂಲದ ವಿಜ್ಞಾನಿ ಟೆಡ್ ಫುಜಿಟಾ 1970ರ ದಶಕದಲ್ಲಿ ಈ ಧುಮುಕುಗಾಳಿಯನ್ನು ಗುರುತಿಸಿದ್ದು ಬಿದ್ದ ಮರಗಳಿಂದ. ಸುಂಟರಗಾಳಿಗೆ ಸಿಕ್ಕ ಮರಗಳು ಒಳಮುಖವಾಗಿ, ತಿರುಚಿದಂತೆ ಬಿದ್ದಿರುತ್ತವೆ. ಧುಮುಕುಗಾಳಿಗೆ ಸಿಕ್ಕವು ಒಂದು ಜಾಗದಿಂದ ಹೊರಮುಖವಾಗಿ ಮಲಗಿರುತ್ತವೆ. ಮುರಿದ ಅಡಿಕೆ ತೋಟವನ್ನೂ ಹೀಗೆ ಓದಬಹುದು. ಕಾರಣ ಬೇರೆಯಾದರೂ ಎರಡೂ ಅಪಾಯಗಳ ಗುಣ ಒಂದೇ: ಚಿಕ್ಕ ಜಾಗ, ಕೆಲವೇ ನಿಮಿಷ.

ಇಂಥ ಅಪಾಯಕ್ಕೆ ಅಮೆರಿಕ ಕಂಡುಕೊಂಡ ಉಪಾಯ ಡಾಪ್ಲರ್ ರಾಡಾರ್. ಮಳೆಹನಿಗಳಿಂದ ಮರಳುವ ಅಲೆಯ ಕಂಪನದ ವ್ಯತ್ಯಾಸದಿಂದ ಗಾಳಿ ಹತ್ತಿರ ಬರುತ್ತಿದೆಯೋ ದೂರ ಹೋಗುತ್ತಿದೆಯೋ ಅದು ತಿಳಿಯುತ್ತದೆ. ಅಕ್ಕಪಕ್ಕದಲ್ಲೇ ಎರಡೂ ಕಂಡರೆ ಮೋಡ ತಿರುಗುತ್ತಿದೆ ಎಂದರ್ಥ. 2007ರಿಂದ ಅಲ್ಲಿ ಇಡೀ ಕೌಂಟಿಯ (ಜಿಲ್ಲೆಯ) ಬದಲು, ಮೋಡ ಸಾಗುವ ದಾರಿಯಷ್ಟನ್ನೇ ನಕ್ಷೆಯಲ್ಲಿ ಗುರುತಿಸಿ ಎಚ್ಚರಿಸುತ್ತಾರೆ. ಸಿಗುವ ಕಾಲಾವಕಾಶ ಸರಾಸರಿ ಹತ್ತು ನಿಮಿಷದ ಆಸುಪಾಸು. ನಮ್ಮಲ್ಲಿ ಜನರಿಗೆ ಹೆಚ್ಚಾಗಿ ತಲುಪುವುದು ಇಡೀ ಜಿಲ್ಲೆಗೆ, ಇಡೀ ದಿನಕ್ಕೆ ಕೊಡುವ ಹಳದಿ ಎಚ್ಚರಿಕೆ. ಅದನ್ನು ನಂಬಿ ತೋಟದ ಕೆಲಸವನ್ನು ದಿನವಿಡೀ ಬಿಡಲಾಗದು. ಹವಾಮಾನ ಇಲಾಖೆ ಮೂರು ಗಂಟೆಯೊಳಗಿನ ಮುನ್ಸೂಚನೆಯನ್ನೂ ಕೊಡುತ್ತದೆ, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ 'ದಾಮಿನಿ' ಆ್ಯಪ್ ಹತ್ತಿರದ ಸಿಡಿಲನ್ನು ತಿಳಿಸುತ್ತದೆ. ಇವು ಪಂಚಾಯಿತಿ ಮಟ್ಟದಲ್ಲಿ, ತೋಟದಲ್ಲಿರುವವರ ಕಿವಿಗೆ ಬೀಳಬೇಕು.

ಪದೇ ಪದೇ ಸುಳ್ಳಾದರೆ ಜನ ನಂಬುತ್ತಾರೆಯೇ ಎಂಬ ಆಕ್ಷೇಪ ಹಗುರವಾದುದಲ್ಲ. ಅಮೆರಿಕದಲ್ಲೂ ಹತ್ತು ಸುಂಟರಗಾಳಿ ಎಚ್ಚರಿಕೆಗಳಲ್ಲಿ ಸುಮಾರು ಏಳು ಹುಸಿಯಾಗುತ್ತವೆ. 2011ರಲ್ಲಿ ಅಲ್ಲಿನ ಜಾಪ್ಲಿನ್ ನಗರಕ್ಕೆ ಸುಂಟರಗಾಳಿ ಬಂದಾಗ ಸೈರನ್ ಕೇಳಿದರೂ ಅನೇಕರು ಕೂಡಲೇ ಒಳಗೆ ಹೋಗದೆ ಬೇರೆ ಸುಳಿವಿಗೆ ಕಾದರು. ಅಂದು ಸತ್ತವರು 150ಕ್ಕೂ ಹೆಚ್ಚು. ಹಾಗೆಂದು ಎಚ್ಚರಿಕೆ ನಿಲ್ಲಿಸುವುದು ಉತ್ತರವಲ್ಲ. ಪ್ರದೇಶವನ್ನೂ ಅವಧಿಯನ್ನೂ ಕಿರಿದಾಗಿಸಿದರೆ ಹುಸಿಯಾದಾಗಲೂ ನಷ್ಟ ಅರ್ಧ ಗಂಟೆಯ ಕೆಲಸ ಮಾತ್ರ. ಗುಡ್ಡಗಳು ರಾಡಾರ್ ಕಿರಣವನ್ನು ತಡೆಯುತ್ತವೆ, ಮೊಬೈಲ್ ಸಿಗ್ನಲ್ ಎಲ್ಲೆಡೆ ಸಿಗುವುದಿಲ್ಲ ಎಂಬುದೂ ನಿಜ. ಅದಕ್ಕೇ ಪಂಚಾಯಿತಿಯ ಧ್ವನಿವರ್ಧಕ, ಶಾಲೆಯ ಗಂಟೆ ಈ ಜಾಲದ ಭಾಗವಾಗಬೇಕು. ಯಾವ ಯಂತ್ರವೂ ಇಲ್ಲದೆ ಪಾಲಿಸಬಹುದಾದ ನಿಯಮವೂ ಇದೆ: ಮಿಂಚು ಕಂಡ 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು ಹತ್ತು ಕಿಲೋಮೀಟರ್ ಒಳಗಿದೆ, ಮರದಡಿ ನಿಲ್ಲದೆ ಗಟ್ಟಿ ಕಟ್ಟಡ ಸೇರಬೇಕು, ಕೊನೆಯ ಗುಡುಗಿನ ನಂತರವೂ 30 ನಿಮಿಷ ಒಳಗಿರಬೇಕು. ರಾಡಾರ್ ಎಷ್ಟೇ ನಿಖರವಾದರೂ, ಅದರ ಮಾತು ಊರಿಗೆ ತಲುಪಿ ಜನ ಒಳಗೆ ನಡೆದಾಗ ಮಾತ್ರ ಜೀವ ಉಳಿಯುತ್ತದೆ. ಹಾಗಾಗಿ ಯಂತ್ರಕ್ಕೆ ಇಡುವಷ್ಟೇ ಹಣವನ್ನೂ ಶ್ರದ್ಧೆಯನ್ನೂ ಆ ಕೊನೆಯ ಕೊಂಡಿಗೂ ಇಡಬೇಕು.