ರವೆ, ಬೆಲ್ಲ ಮತ್ತು ಬಿಳಿ ಕಣ್ಣಿನ ನೊಣ

ಪ್ರಾಣಿಶಾಸ್ತ್ರ ವಿಭಾಗದ ಕಾರಿಡಾರ್ ಮುಗಿಯುವಲ್ಲಿ ಆ ಪ್ರಯೋಗಾಲಯ. ಬಾಗಿಲು ತಳ್ಳಿದ ಕೂಡಲೇ ಸಿಹಿಯೊಳಗೆ ಹುಳಿ ಬೆರೆತ ಘಾಟು ಮೂಗಿಗೆ ಬಡಿಯಿತು. ಏನೆಂದು ತಕ್ಷಣ ತಿಳಿಯಲಿಲ್ಲ. ಒಳಗೆ ಒಲೆಯ ಮೇಲೆ ರವೆ, ಬೆಲ್ಲ, ಅಗರ್ ಕುದಿಯುತ್ತಿದ್ದವು. ಬಿ.ಎಸ್ಸಿ. ವಿದ್ಯಾರ್ಥಿನಿಯೊಬ್ಬಳು ತಳ ಹಿಡಿಯದಂತೆ ಕೈಯಾಡಿಸುತ್ತಿದ್ದಳು. ಬೂಷ್ಟು ಬಾರದಿರಲೆಂದು ಕೊನೆಗೆ ಹಾಕುವ ಪ್ರೊಪಿಯಾನಿಕ್ ಆಮ್ಲದ್ದು ಆ ಘಾಟು. ಇದು ಹಣ್ಣಿನ ನೊಣಗಳ ಆಹಾರ. ಆನರ್ಸ್ ಸಂಶೋಧನೆಗೆ ಬಂದವರಿರಲಿ, ಬೇಸಿಗೆ ಇಂಟರ್ನ್‌ಶಿಪ್‌ಗೆ ಬಂದವರಿರಲಿ, ಮೊದಲ ಪಾಠ ಈ ಒಲೆಯ ಮುಂದೆಯೇ.

ಮುಂದಿನ ಕೋಣೆಯಲ್ಲಿ 25 ಡಿಗ್ರಿ ಸೆಲ್ಸಿಯಸ್‌ನ ಇನ್‌ಕ್ಯುಬೇಟರ್, ಅದರ ತುಂಬ ಹತ್ತಿ ತುರುಕಿದ ಗಾಜಿನ ಬಾಟಲಿಗಳು. ಒಂದನ್ನು ಬೆಳಕಿಗೆ ಹಿಡಿದೆ. ರವೆಯಲ್ಲಿ ಬಿಳಿ ಮರಿಹುಳುಗಳು ಹೊರಳಾಡುತ್ತಿದ್ದವು. ಮೇಲೆ ಗಾಜಿಗೆ ಕಂದು ಕೋಶಗಳು ಅಂಟಿದ್ದವು. ಈ ಶಾಖದಲ್ಲಿ ಮೊಟ್ಟೆಯಿಂದ ನೊಣವಾಗಲು ಸುಮಾರು 10 ದಿನ.

ಅಲ್ಲಿಂದ ಮೈಕ್ರೋಸ್ಕೋಪ್ ಮೇಜಿಗೆ ಬಂದೆವು. ವಿದ್ಯಾರ್ಥಿಯೊಬ್ಬ ಈಥರ್‌ನಿಂದ ಮಂಪರು ಬರಿಸಿದ ನೊಣಗಳನ್ನು ಬಿಳಿ ಹಾಳೆಯ ಮೇಲೆ ಸುರಿದು, ತೆಳು ಬ್ರಷ್‌ನಿಂದ ಗಂಡು ಹೆಣ್ಣು ಬೇರೆ ಮಾಡುತ್ತಿದ್ದ. ಮೂರು ಮಿಲಿಮೀಟರ್ ಉದ್ದದ ಜೀವ. ನಾನೂ ಇಣುಕಿದೆ. ಗಂಡಿನ ಹೊಟ್ಟೆಯ ತುದಿ ಕಪ್ಪಗೆ ಕಂಡಿತು. ಮುಂಗಾಲಿನಲ್ಲಿ ಬಾಚಣಿಗೆಯಂಥ ಕೂದಲ ಸಾಲಿದೆ ಎಂದರು. ನನಗೆ ಕಂಡದ್ದು ಅದೇ ಹೌದೋ ಅಲ್ಲವೋ, ಖಚಿತವಿಲ್ಲ. ಹೆಣ್ಣು ನೊಣ ಒಮ್ಮೆ ಕೂಡಿದರೆ ವೀರ್ಯವನ್ನು ದಿನಗಟ್ಟಲೆ ದೇಹದಲ್ಲೇ ಇಟ್ಟುಕೊಳ್ಳುತ್ತದೆ. ಹಾಗಾಗಿ ಕೋಶದಿಂದ ಹೊರಬಂದ ಎಂಟು ಗಂಟೆಯೊಳಗೆ ಅದನ್ನು ಬೇರೆ ಬಾಟಲಿಗೆ ಹಾಕಬೇಕು. ಹೊತ್ತು ಮೀರಿದರೆ ಆ ಸಂಕರಣವನ್ನು ನಂಬುವಂತಿಲ್ಲ.

ಮೇಜಿನ ತುದಿಯಲ್ಲಿ ಅವನ ರೆಕಾರ್ಡ್ ಪುಸ್ತಕ ತೆರೆದಿತ್ತು. ಬಿಳಿ ಕಣ್ಣಿನ ಗಂಡು, ಕೆಂಪು ಕಣ್ಣಿನ ಹೆಣ್ಣು: 1910ರಲ್ಲಿ ವಂಶವಾಹಿಗೂ ವರ್ಣತಂತುವಿಗೂ ಇರುವ ನಂಟನ್ನು ತೋರಿಸಿಕೊಟ್ಟ ಜೋಡಿ. ಮೊದಲ ಪೀಳಿಗೆ ಪೂರ್ತಿ ಕೆಂಪು ಕಣ್ಣಿನದು. ಎರಡನೆಯದರಲ್ಲಿ ಹೆಣ್ಣೆಲ್ಲ ಕೆಂಪು, ಗಂಡುಗಳಲ್ಲಿ ಅರ್ಧ ಬಿಳಿ ಬರಬೇಕು. ಒಂದು ಪುಟದಲ್ಲಿ ಲೆಕ್ಕ ಹಾಗೆ ಬಂದಿರಲಿಲ್ಲ. ಅಂಕಿಗಳನ್ನು ಅಳಿಸದೆ, ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ದಿನಾಂಕ ಹಾಕಿ ‘ಮತ್ತೆ ಮಾಡಬೇಕು’ ಎಂದು ಬರೆದಿದ್ದ. ನಾನು ಹೆಚ್ಚು ಹೊತ್ತು ನೋಡಿದ್ದು ಆ ಪುಟವನ್ನೇ.

ಮತ್ತೆ ಮಾಡಲು ದಿನ ಬೇಕು. ಎರಡು ಪೀಳಿಗೆಗೇ ಮೂರು ವಾರ, ಎಣಿಕೆ ಸೇರಿದರೆ ತಿಂಗಳು. ಎಂಟು ವಾರದ ಇಂಟರ್ನ್‌ಶಿಪ್‌ನಲ್ಲಿ ಕೈ ಪಳಗುವ ಹೊತ್ತಿಗೆ ಊರಿಗೆ ಹೊರಡುವ ದಿನ ಬಂದಿರುತ್ತದೆ. ಇಡೀ ವರ್ಷ ಒಂದೇ ಪ್ರಶ್ನೆಯ ಬೆನ್ನು ಹತ್ತುವ ಅವಕಾಶ ಆನರ್ಸ್ ಸಂಶೋಧನೆಯಲ್ಲಿದೆ. ಆದರೆ ಹೊಸ ರಾಷ್ಟ್ರೀಯ ಚೌಕಟ್ಟಿನಂತೆ ಆ ಹಾದಿ ತೆರೆಯುವುದು ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ 75 ಅಂಕ ಪಡೆದವರಿಗೆ. ನೊಣ ಎಣಿಸುವ ತಾಳ್ಮೆಯನ್ನು ಈ ಅಂಕಗಳು ಅಳೆಯುತ್ತವೆಯೇ? ಅಳೆಯುತ್ತವೆ ಎನ್ನಲು ನನಗೆ ಧೈರ್ಯವಿಲ್ಲ. ತಪ್ಪಿದ ಲೆಕ್ಕವನ್ನು ಉಳಿಸಿಕೊಂಡು ಮತ್ತೆ ಶುರು ಮಾಡುವಷ್ಟು ಕಾಲವನ್ನು ಇನ್ನೂ ಹೆಚ್ಚು ಮಕ್ಕಳಿಗೆ ಕೊಡಬೇಕು. ಅವರು ಸಂಶೋಧನೆ ಕಲಿಯುವುದು ಆ ಎರಡನೇ ಸಲದಲ್ಲಿ.